ಚಳಿಗಾಲದಲ್ಲಿ, ಕೀಟ ಹಿಡಿದು ತಿನ್ನುವ ಬಟರ್‌ವರ್ಟ್ ಗಿಡದ ಎಲೆ ಚಿಕ್ಕದಾಗಿ, ಅಂಟೂ ಹೋಗಿದೆ. ದಾವಣಗೆರೆಯ ಹವೆಗೆ ಗಿಡ ಸಾಯುತ್ತಿದೆಯೇ?

ಇಲ್ಲ, ದಯವಿಟ್ಟು ಕಿತ್ತೆಸೆಯಬೇಡಿ. ನಮ್ಮಲ್ಲಿ ಮನೆಯೊಳಗೆ ಬಾಳುವ ಬಟರ್‌ವರ್ಟ್‌ಗಳು ಹೆಚ್ಚಾಗಿ ಮೆಕ್ಸಿಕೋ ಮೂಲದವು. ಅಲ್ಲಿ ಚಳಿಗಾಲವೆಂದರೆ ಒಣಗಾಲ. ಆಗ ಗಿಡ ನುಸಿಯಂಥ ಕೀಟಗಳನ್ನು ಬೇಟೆಯಾಡುವ ಅಗಲವಾದ ಅಂಟೆಲೆಗಳನ್ನು ಕೈಬಿಟ್ಟು, ಒತ್ತೊತ್ತಾಗಿ ಪುಟ್ಟ ದಪ್ಪ ಎಲೆಗಳನ್ನು ಬಿಡುತ್ತದೆ. ಮುಟ್ಟಿ ನೋಡಿ: ಬೆರಳಿಗೆ ಜಿಗುಟು ಹತ್ತುವುದಿಲ್ಲ, ಆದರೆ ಎಲೆ ಗಟ್ಟಿಯಾಗಿರುತ್ತದೆ. ನಡುಭಾಗ ಕಪ್ಪಾಗಿ ಮೆತ್ತಗಾಗಿದ್ದರೆ ಮಾತ್ರ ಅದು ಕೊಳೆತ.

ಈಗ ತಟ್ಟೆಯಲ್ಲಿ ನೀರು ನಿಲ್ಲಿಸಬೇಡಿ. ಕುಂಡ ಬಹುತೇಕ ಒಣಗಿದ ಮೇಲೆ ಸ್ವಲ್ಪ ಹನಿಸಿದರೆ ಸಾಕು. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ದಾವಣಗೆರೆ, ಚಿತ್ರದುರ್ಗದ ಗಡಸು ನೀರಿನ ಲವಣ ಕುಂಡದಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತದೆ. ಹಿಡಿದಿಟ್ಟ ಮಳೆನೀರು ಉತ್ತಮ, ಇಲ್ಲವಾದರೆ ಆರ್‌ಒ ನೀರು. ಬೇರಿಗೆ ಗೊಬ್ಬರ ಹಾಕಬೇಡಿ.

ಗಿಡ ಹೆಚ್ಚಿಸಲು ಇದೇ ಸಕಾಲ. ಒಂದೆರಡು ಪುಟ್ಟ ಎಲೆಗಳನ್ನು ಬುಡಸಮೇತ ಬಿಡಿಸಿ ತೇವದ ಪರ್ಲೈಟ್ (ಕುಂಡಕ್ಕೆ ಬಳಸುವ ಹಗುರವಾದ ಬಿಳಿ ಹರಳು) ಮೇಲಿಡಿ; ಕೆಲವು ವಾರಗಳಲ್ಲಿ ಬುಡದಲ್ಲಿ ಮರಿ ಕಾಣುತ್ತದೆ.

ಅಂಟೆಲೆ ಮರಳಿದಾಗ ನೀರು ಹೆಚ್ಚಿಸಿ. ಮಾರ್ಚ್‌ನಿಂದ ಪಡುವಣ ಕಿಟಕಿಯ ಬಿಸಿಲು ತಪ್ಪಿಸಿ, ಮೂಡಣ ಕಿಟಕಿಗೆ ಸರಿಸಿ. ಯುರೋಪಿನ ತಂಪು ನಾಡಿನ ಜಾತಿಗಳನ್ನು ಮಾತ್ರ ಕೊಳ್ಳಬೇಡಿ, ಅವು ಮೊಗ್ಗಿನಂತೆ ಮುದುಡಿ ತಿಂಗಳುಗಟ್ಟಲೆ ಕೊರೆಯುವ ಚಳಿಯನ್ನು ಬೇಡುತ್ತವೆ.