ಹಾಸ್ಟೆಲಿಗೆ ಬಿಡೋ ಮುಂಚೆ ಏನು ಕೇಳ್ಬೇಕು?

ಪ್ರಶ್ನೆ: ಮೇಡಂ, ಜೂನ್‌ನಿಂದ ಮಗನ್ನ ಆರನೇ ಕ್ಲಾಸಿಗೆ ಒಂದು ಮಠದ ಹಾಸ್ಟೆಲಿಗೆ ಹಾಕ್ತಿದೀವಿ, ಊಟ ಪಾಠ ಎಲ್ಲಾ ಫ್ರೀ. ಪೇಪರ್‌ನಲ್ಲಿ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸುದ್ದಿ ಓದಿ ಎದೆ ಢವಢವ ಅನ್ನುತ್ತೆ. ಹೋಗಿ ವಿಚಾರಿಸೋಣ ಅಂದ್ರೆ ನಮ್ಮತ್ತೆ "ಸ್ವಾಮಿಗಳ ಜಾಗದಲ್ಲಿ ಹಂಗೆಲ್ಲಾ ಕೇಳಬಾರ್ದವಾ" ಅಂತಾರೆ. ಏನು ಮಾಡ್ಲಿ?
- ಒಬ್ಬ ತಾಯಿ, ದಾವಣಗೆರೆ ಕಡೆ

ಉತ್ತರ: ಧಾರಾಳವಾಗಿ ಕೇಳಿ ತಾಯಿ. ಆದ್ರೆ "ಇಲ್ಲಿ ಎಲ್ರೂ ಒಳ್ಳೇವ್ರಾ" ಅಂತ ಕೇಳ್ಬೇಡಿ, ಅದಕ್ಕೆ ಎಲ್ಲಾ ಕಡೆ ಒಂದೇ ಉತ್ತರ. ರಾತ್ರಿ ಮಕ್ಕಳು ಮಲಗೋ ಹಾಲ್‌ನಲ್ಲಿ ಯಾರಿರ್ತಾರೆ, ಒಬ್ಬನೇ ಹುಡುಗನ್ನ ರೂಮಿಗೆ ಕರೆಸೋದುಂಟಾ, ಅಡುಗೆಯವ್ರಿಂದ ಹಿಡಿದು ಎಲ್ರಿಗೂ ಪೊಲೀಸ್ ವೆರಿಫಿಕೇಶನ್ ಆಗಿದ್ಯಾ, ಇವನ್ನ ಕೇಳಿ. ವೆರಿಫಿಕೇಶನ್ ಅನ್ನೋದು ನಿಮ್ಮ ಅನುಮಾನ ಅಲ್ಲ, 2020ರ ಪೋಕ್ಸೋ (ಮಕ್ಕಳನ್ನ ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಕಾನೂನು) ನಿಯಮದಲ್ಲೇ ಇದೆ, ಮಕ್ಕಳನ್ನ ಇಟ್ಕೊಳ್ಳೋ ಸಂಸ್ಥೆ, ಸ್ಕೂಲು, ಸ್ಪೋರ್ಟ್ಸ್ ಅಕಾಡೆಮಿ ಯಾವುದೇ ಆಗ್ಲಿ ಸಿಬ್ಬಂದಿಯ ಹಿನ್ನೆಲೆ ಆಗಾಗ ಚೆಕ್ ಮಾಡಿಸ್ಲೇಬೇಕು. ಕಾನೂನು ಕಾವಿ, ಟ್ರ್ಯಾಕ್‌ಸೂಟು ಅಂತ ಭೇದ ಮಾಡಲ್ಲ. ಧಾರ್ಮಿಕ ಸಂಸ್ಥೆಯವ್ರೋ ಶಾಲೆಯವ್ರೋ ತಮ್ಮಲ್ಲಿರೋ ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಮಾಡಿದ್ರೆ 2012ರ ಪೋಕ್ಸೋ ಕಾಯ್ದೆಯಲ್ಲಿ ಶಿಕ್ಷೆ ಇನ್ನೂ ಜಾಸ್ತಿ.

ನನಗೆ ಇದೆಲ್ಲಕ್ಕಿಂತ ಮುಖ್ಯ ಅನ್ಸೋದು ಫೋನು. ಭಾನುವಾರ ವಾರ್ಡನ್ ಮೊಬೈಲಲ್ಲೇ ಮಾತು, ಸ್ಪೀಕರ್ ಆನ್, ಅವ್ರು ಪಕ್ಕದಲ್ಲೇ ನಿಂತಿರ್ತಾರೆ, ಆಗ ಮಗು "ಚೆನ್ನಾಗಿದೀನಮ್ಮ, ಊಟ ಆಯ್ತು" ಅನ್ನೋದು ಬಿಟ್ಟು ಇನ್ನೇನು ಹೇಳೀತು? ಮಗ ಒಬ್ಬನೇ ಮಾತಾಡೋಕೆ ಬಿಡ್ತಾರಾ ಅಂತ ಮೊದಲೇ ಕೇಳಿ. ನೋಡೋಕೆ ಹೋದಾಗ ಕಾಂಪೌಂಡ್ ಆಚೆ ಕರ್ಕೊಂಡ್ಹೋಗಿ ಮಂಡಕ್ಕಿ ಮಿರ್ಚಿ ಕೊಡಿಸಿ, ಅವನು ತಿಂತಾ ಇರೋವಾಗ "ಮನೇಲಿ ಹೇಳ್ಬೇಡ ಅಂತ ಯಾರಾದ್ರೂ ಏನಾದ್ರೂ ಹೇಳಿದಾರೇನೋ" ಅಂತ ಸುಮ್ನೆ ಕೇಳಿ ನೋಡಿ, ಗದರಿಸ್ಬೇಡಿ. ಮಕ್ಕಳ ಸಹಾಯವಾಣಿ 1098 ಅವನಿಗೆ ಬಾಯಿಪಾಠ ಆಗಿರ್ಲಿ.

ಹಾಗೇನಾದ್ರೂ ಗೊತ್ತಾದ್ರೆ "ಮಠದ ಮರ್ಯಾದೆ, ಹಿರಿಯರು ಕೂತು ಬಗೆಹರಿಸ್ತಾರೆ" ಅನ್ನೋ ಮಾತಿಗೆ ಒಪ್ಕೋಬೇಡಿ. ವಿಷಯ ಗೊತ್ತಾದವ್ರು ಯಾರೇ ಆಗ್ಲಿ ಪೊಲೀಸ್ರಿಗೆ ತಿಳಿಸ್ಲೇಬೇಕು, ಕೈಕೆಳಗಿನವ್ರು ಮಾಡಿದ್ದನ್ನ ಸಂಸ್ಥೆ ಮುಖ್ಯಸ್ಥರು ಮುಚ್ಚಿಟ್ರೆ ಅವ್ರಿಗೇ 1 ವರ್ಷದ ತನಕ ಜೈಲು. ಒಳ್ಳೇ ಉದ್ದೇಶದಿಂದ ತಿಳಿಸಿದವ್ರ ಮೇಲೆ ಕೇಸ್ ಹಾಕೋಕಾಗಲ್ಲ. ಮಗುವಿನ ಹೇಳಿಕೆನ ಮನೇಲೇ ತಗೋಬಹುದು, ಬರೋ ಪೊಲೀಸ್ರು ಯೂನಿಫಾರ್ಮ್ ಹಾಕ್ಕೊಂಡಿರೋ ಹಾಗಿಲ್ಲ.

ಅಂದಹಾಗೆ ವಿಚಾರಿಸೋಕೆ ಹೋಗೋವಾಗ ಅತ್ತೆಯವ್ರನ್ನೂ ಜೊತೆಗೆ ಕರ್ಕೊಂಡ್ಹೋಗಿ, ಅವ್ರ ಎದುರಿಗೇ ಕೇಳಿ. ಸರಿಯಾದ ಜಾಗ ಆದ್ರೆ ಕೂರಿಸಿ ಕಾಫಿ ಕೊಟ್ಟು ಎಲ್ಲಾ ತೋರಿಸ್ತಾರೆ. ಮುಖ ಗಂಟು ಹಾಕ್ಕೊಂಡ್ರೆ ಅಡ್ಮಿಶನ್ ಫಾರಂ ಬ್ಯಾಗಿಗೆ ಹಾಕ್ಕೊಂಡು ಮುಂದಿನ ಬಸ್ಸಿಗೆ ವಾಪಸ್ ಬನ್ನಿ.