ಶಿಕ್ಷೆಯ ವಿಚಾರಣೆಗೆ ಬರಿಗೈಯಲ್ಲಿ ಹೋಗಬೇಡಿ

ಬದುವಿನ ಜಗಳದಲ್ಲಿ ಪಕ್ಕದ ಹೊಲದವರ ಕೈಗೆ ಮಚ್ಚಿನಿಂದ ಗಾಯ ಮಾಡಿದ 2021ರ ಪ್ರಕರಣದಲ್ಲಿ ನಿಮ್ಮಣ್ಣ ಅಪರಾಧಿಯೆಂದು ತೀರ್ಮಾನಿಸಿದ ಮ್ಯಾಜಿಸ್ಟ್ರೇಟರು ಶಿಕ್ಷೆಯನ್ನು ಗುರುವಾರಕ್ಕೆ ಏಕೆ ಇಟ್ಟರು, ಅಂದು ಮಾಡುವುದೇನಾದರೂ ಉಳಿದಿದೆಯೇ ಎಂದು ಕೇಳಿದ್ದೀರಿ. ಹಾಸನದಲ್ಲಿ 18 ವರ್ಷಗಳಿಂದ ಕ್ರಿಮಿನಲ್ ಪ್ರಕರಣ ನಡೆಸುತ್ತಿರುವ ವಕೀಲನಾಗಿ ಹೇಳುತ್ತೇನೆ, ಬಹಳ ಉಳಿದಿದೆ.

ತಪ್ಪು ಸಾಬೀತಾಯಿತೇ ಎಂಬುದು ಒಂದು ಪ್ರಶ್ನೆ, ಎಷ್ಟು ಶಿಕ್ಷೆ ಎಂಬುದು ಬೇರೆಯೇ ಪ್ರಶ್ನೆ. ಆದ್ದರಿಂದಲೇ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೂ, 2024ರ ಜುಲೈ 1ರಂದು ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ, ಶಿಕ್ಷೆಯ ಪ್ರಮಾಣದ ಬಗ್ಗೆ ಅಪರಾಧಿಯ ಮಾತು ಕೇಳಬೇಕೆಂಬ ನಿಯಮವಿದೆ. ನೀವು ತಿಳಿಸಿರುವ 324ನೇ ಕಲಮು ಹಳೆಯ ಭಾರತೀಯ ದಂಡ ಸಂಹಿತೆಯದು. ಕೃತ್ಯ 2021ರದಾದ್ದರಿಂದ ಅದೇ ಅನ್ವಯಿಸುತ್ತದೆ. ಅದರಲ್ಲಿ ಗರಿಷ್ಠ 3 ವರ್ಷ ಸಜೆಯಿದೆ, ಕನಿಷ್ಠವೆಂಬುದಿಲ್ಲ.

ಆಲೂರು ಕಡೆಯ ಶುಂಠಿ ಬೆಳೆಗಾರರೊಬ್ಬರು ಇದೇ ಹಂತದಲ್ಲಿ ಕಟಕಟೆಯಲ್ಲಿ ನಿಂತು, "ನಾನು ಹೊಡೆದೇ ಇಲ್ಲ ಸ್ವಾಮಿ" ಎಂದು ಎರಡು ಸಲ ಹೇಳಿ ಸುಮ್ಮನಾದರು. ತಾಯಿಯ ಡಯಾಲಿಸಿಸ್ ಚೀಟಿ ನಾಲ್ಕು ಮಡಿಕೆಯಾಗಿ ಅವರ ಅಂಗಿಯ ಜೇಬಿನಲ್ಲೇ ಇತ್ತು. ಅದನ್ನು ನಾನು ಕಂಡದ್ದು ಆದೇಶವಾದ ಮೇಲೆ, ಮೊದಲೇ ಕೇಳಬೇಕಿತ್ತು. ಹೊಡೆದಿಲ್ಲ ಎಂಬ ವಾದಕ್ಕೆ ಮೇಲ್ಮನವಿಯಿದೆ. ಗುರುವಾರ ಬೇಕಾದದ್ದು ಅಣ್ಣನ ವಯಸ್ಸು, ಹಿಂದೆ ಯಾವ ಪ್ರಕರಣವೂ ಇಲ್ಲದಿರುವುದು, ಅವಲಂಬಿತರು ಮತ್ತು ಅವರ ಕಾಯಿಲೆ, ಗಾಯಾಳುವಿನ ಚಿಕಿತ್ಸೆಗೆ ಹಣ ಕೊಟ್ಟಿದ್ದರೆ ಅದರ ರಸೀದಿ. ಇವುಗಳನ್ನಿಟ್ಟು, 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆಯ ಪ್ರಕಾರ ಸಜೆಯ ಬದಲು ಸನ್ನಡತೆಯ ಮುಚ್ಚಳಿಕೆ ಪಡೆದು ಬಿಡುಗಡೆ ಮಾಡುವಂತೆ ನಿಮ್ಮ ವಕೀಲರು ಕೋರಬಹುದು. ಮಚ್ಚು ಬಳಸಿದ ಪ್ರಕರಣದಲ್ಲಿ ಅದು ಸುಲಭವಲ್ಲ, ಆದರೆ ಕೋರದೆ ಬಿಡುವುದು ಸರಿಯಲ್ಲ.

ಬಂಧನದ ಆರಂಭದಲ್ಲಿ ಜೈಲಿನಲ್ಲಿ ಕಳೆದ 23 ದಿನಗಳು ಸಜೆಯಲ್ಲಿ ವಜಾ ಆಗುತ್ತವೆ. ದಂಡ ಕಟ್ಟದೆ ಅನುಭವಿಸುವ ಸಜೆಗೆ ಮಾತ್ರ ಆ ವಜಾ ಸಿಗುವುದಿಲ್ಲವಾದ್ದರಿಂದ ಹಣ ಹೊಂದಿಸಿಕೊಂಡೇ ಹೋಗಿ. ಅಣ್ಣ ಈಗ ಜಾಮೀನಿನ ಮೇಲಿದ್ದು ಸಜೆ 3 ವರ್ಷ ಮೀರದಿದ್ದರೆ, ವಿಶೇಷ ಕಾರಣಗಳಿಲ್ಲದ ಹೊರತು ಮೇಲ್ಮನವಿ ಸಲ್ಲಿಸುವವರೆಗೆ ಅದೇ ನ್ಯಾಯಾಲಯವೇ ಸಜೆ ಅಮಾನತಿನಲ್ಲಿಟ್ಟು ಬಿಡಬೇಕು. ಸೆಷನ್ಸ್ ನ್ಯಾಯಾಲಯಕ್ಕೆ ಹೋಗಲು 30 ದಿನಗಳಿವೆ. ಸಜೆ ಅಮಾನತಿನ ಅರ್ಜಿ ಬರೆದು ಸಿದ್ಧವಾಗಿರಲಿ, ಜಾಮೀನುದಾರರು ಪಹಣಿ ಹಿಡಿದು ಬೆಳಿಗ್ಗೆಯೇ ನ್ಯಾಯಾಲಯದಲ್ಲಿರಲಿ.