ಪ್ರಥಮ ಪಿಯುಸಿಯಲ್ಲಿ ಅಂಕ ಇಳಿದರೆ ಅಮೆರಿಕದ ಕಾಲೇಜು ಕೈತಪ್ಪುತ್ತದೆಯೇ?

ಫಲಿತಾಂಶದ ದಿನಗಳಲ್ಲಿ ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳಿಂದ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತನ್ನು ಕೇಳುತ್ತವೆ: ಅಂಕ ಸ್ವಲ್ಪ ಕಡಿಮೆ ಬಂದಿದೆ, ದೊಡ್ಡ ಕಾಲೇಜಿನ ಆಸೆಯನ್ನು ಬಿಡಬೇಕೇ? ಇದಕ್ಕೆ ಹಿಂದೆಯೂ ಉತ್ತರಿಸಿದ್ದೇನೆ. ಆದರೆ ಪೋಷಕರ ಈ ಆತಂಕವನ್ನೇ ಬಂಡವಾಳ ಮಾಡಿಕೊಂಡವರು ಈಗ ತಾಲ್ಲೂಕು ಕೇಂದ್ರಗಳಿಗೂ ಬಂದಿರುವುದರಿಂದ, ಈ ಸಲ ಒಂದು ಪತ್ರಕ್ಕೆ ಹೆಚ್ಚಿನ ಜಾಗ ಕೊಡುತ್ತಿದ್ದೇನೆ.

ಪ್ರಶ್ನೆ: ನಾವು ಮಾನ್ವಿ ತಾಲ್ಲೂಕಿನ ರೈತರು. ಮಗಳು ಎಸ್ಸೆಸ್ಸೆಲ್ಸಿಯಲ್ಲಿ ಶೇ 97 ಪಡೆದಿದ್ದಳು. ಪ್ರಥಮ ಪಿಯುಸಿ ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಟೈಫಾಯ್ಡ್ ಬಂದು ಶೇ 86ಕ್ಕೆ ಇಳಿದಳು, ಗಣಿತದಲ್ಲಿ 79. ಈಗ ದ್ವಿತೀಯ ಪಿಯುಸಿಯಲ್ಲಿದ್ದಾಳೆ. ಪೂರ್ಣ ನೆರವು ಕೊಡುವ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತೇನೆಂದು ಹಟ ಹಿಡಿದಿದ್ದಾಳೆ. ಶೇ 90ಕ್ಕಿಂತ ಕಡಿಮೆ ಇದ್ದರೆ ಅರ್ಜಿಯನ್ನು ತೆರೆದೂ ನೋಡುವುದಿಲ್ಲವೆಂದು ಹೇಳಿದ ಕನ್ಸಲ್ಟೆಂಟ್ ಒಬ್ಬರು, ಅಂಕಪಟ್ಟಿಯನ್ನು ‘ಸರಿ ಮಾಡಿಸಿ’ ಕೊಡಲು ಒಂದೂವರೆ ಲಕ್ಷ ಕೇಳಿದ್ದಾರೆ. ಬೇರೆ ಕಾಲೇಜಿನಲ್ಲಿ ಪ್ರಥಮ ಪಿಯುಸಿಯನ್ನೇ ಮತ್ತೆ ಓದಿಸಲೇ? ಎರಡು ವರ್ಷದಿಂದ ಪುಸ್ತಕ ಬಿಟ್ಟು ಕಾಲುವೆ ನೀರಿನ ಲೆಕ್ಕ ಬರೆಯುತ್ತಾ ಕೂತಿದ್ದಕ್ಕೇ ಹೀಗಾಯಿತೆಂಬ ಬೇಸರ ನನಗಿದೆ.

ಉತ್ತರ: ಆ ಮನುಷ್ಯನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ, ಮಗಳ ಮೂಲ ಅಂಕಪಟ್ಟಿಯನ್ನು ಅವನ ಕೈಗೆ ಕೊಟ್ಟಿದ್ದರೆ ನಾಳೆಯೇ ವಾಪಸು ತನ್ನಿ. ತಿದ್ದಿದ ಅಂಕಪಟ್ಟಿ ಯಾವ ವರ್ಷ ಬಯಲಾದರೂ ಪ್ರವೇಶ ರದ್ದಾಗುತ್ತದೆ. ವೀಸಾಕ್ಕಾಗಿ ಸುಳ್ಳು ದಾಖಲೆ ಕೊಟ್ಟಿದ್ದು ಸಾಬೀತಾದರೆ ಅಮೆರಿಕದ ಕಾನೂನಿನ ಪ್ರಕಾರ ಆ ದೇಶದ ಬಾಗಿಲು ಜೀವನಪೂರ್ತಿ ಮುಚ್ಚಬಹುದು. ಹಣ ಪಡೆದು ಸುಳ್ಳು ಪರೀಕ್ಷಾ ಅಂಕಗಳನ್ನೂ ಸುಳ್ಳು ಕ್ರೀಡಾ ಸಾಧನೆಗಳನ್ನೂ ಸೃಷ್ಟಿಸಿ ಮಕ್ಕಳನ್ನು ದೊಡ್ಡ ಕಾಲೇಜುಗಳಿಗೆ ಸೇರಿಸುತ್ತಿದ್ದ ರಿಕ್ ಸಿಂಗರ್ ಎಂಬ ಸಲಹೆಗಾರನ ದಂಧೆ ಅಮೆರಿಕದಲ್ಲೇ 2019ರಲ್ಲಿ ಬಯಲಾಯಿತು; 2023ರಲ್ಲಿ ಅವನಿಗೆ ಮೂರೂವರೆ ವರ್ಷ ಜೈಲು ಶಿಕ್ಷೆಯಾಯಿತು, ಹಣ ಕೊಟ್ಟ ಹಲವು ತಂದೆತಾಯಿಗಳೂ ಜೈಲು ಕಂಡರು. ನಿಮ್ಮ ಊರಿನ ಕನ್ಸಲ್ಟೆಂಟ್ ಸಿಕ್ಕಿಬಿದ್ದರೆ ಬೋರ್ಡು ಬದಲಿಸಿಕೊಂಡು ಬೇರೆ ಊರಿಗೆ ಹೋಗುತ್ತಾನೆ, ಅನುಭವಿಸಬೇಕಾದವಳು ನಿಮ್ಮ ಮಗಳು.

ಪ್ರಥಮ ಪಿಯುಸಿಯನ್ನು ಮತ್ತೆ ಓದಿಸುವುದೂ ಬೇಡ. ಒಂದು ವರ್ಷ ಹಾಳಾಗುವುದಲ್ಲದೆ, ಪಾಸಾದ ತರಗತಿಯನ್ನು ಮತ್ತೆ ಓದಿದ್ದೇಕೆ ಎಂಬುದಕ್ಕೂ ವಿವರಣೆ ಕೊಡಬೇಕಾಗುತ್ತದೆ.

ಶೇ 90ರ ಗೆರೆ ಎಂಬುದು ಶುದ್ಧ ಸುಳ್ಳು. ಅಂಥ ಕಾಲೇಜುಗಳು ಒಂಬತ್ತನೇ ತರಗತಿಯಿಂದ ದ್ವಿತೀಯ ಪಿಯುಸಿವರೆಗಿನ ಅಂಕಗಳನ್ನು ಒಟ್ಟಿಗೆ ಇಟ್ಟುಕೊಂಡು, ವಿದ್ಯಾರ್ಥಿ ಓದಿದ ಕಾಲೇಜಿನಲ್ಲಿ ಏನೇನು ಅನುಕೂಲವಿತ್ತು, ಉಳಿದವರ ನಡುವೆ ಆಕೆ ಎಲ್ಲಿದ್ದಳು, ಇಳಿದ ಮೇಲೆ ಮತ್ತೆ ಏರಿದಳೇ ಎಂಬುದನ್ನು ಓದುತ್ತವೆ. ಹಾಗೆಂದು ಸುಳ್ಳು ಭರವಸೆಯನ್ನೂ ನಾನು ಕೊಡುವುದಿಲ್ಲ. ಹಾರ್ವರ್ಡ್, ಎಂಐಟಿಗಳಿಗೆ ಅರ್ಜಿ ಹಾಕಿದ ನೂರು ಜನರಲ್ಲಿ ಐವರಿಗೂ ಸೀಟು ಸಿಗುವುದಿಲ್ಲ, ಪೂರ್ಣ ಅಂಕ ಪಡೆದವರೂ ಬೇಕಾದಷ್ಟು ಜನ ತಿರಸ್ಕೃತರಾಗುತ್ತಾರೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್‌ನಂಥ ಕೆಲವೇ ಕಾಲೇಜುಗಳು ಹಣದ ನೆರವು ಕೇಳಿದ್ದನ್ನು ವಿದೇಶಿ ವಿದ್ಯಾರ್ಥಿಯ ಆಯ್ಕೆಯಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಉಳಿದ ಬಹುಪಾಲು ಕಾಲೇಜುಗಳು ಹಿಡಿಯುತ್ತವೆ. ಆದ್ದರಿಂದ ಜೆಇಇ, ಸಿಇಟಿ ಅರ್ಜಿಗಳನ್ನು ಯಾವ ಕಾರಣಕ್ಕೂ ತಪ್ಪಿಸಬೇಡಿ.

ಈಗ ಮಾಡಬೇಕಾದ ಕೆಲಸಕ್ಕೆ ಬರೋಣ. ಸಾಮಾನ್ಯ ಸುತ್ತಿನ ಅರ್ಜಿಗಳ ಗಡುವು ಹೆಚ್ಚಾಗಿ ಜನವರಿ ಮೊದಲ ವಾರದಲ್ಲಿ ಮುಗಿಯುತ್ತದೆ. ಅವರು ತೀರ್ಮಾನ ಮಾಡುವ ಹೊತ್ತಿಗೆ ನಮ್ಮ ದ್ವಿತೀಯ ಪಿಯುಸಿ ಫಲಿತಾಂಶ ಬಂದಿರುವುದಿಲ್ಲ. ಹಾಗಾಗಿ, ನಾವು ಯಾರೂ ಗಂಭೀರವಾಗಿ ತೆಗೆದುಕೊಳ್ಳದ ಮಧ್ಯವಾರ್ಷಿಕ ಪರೀಕ್ಷೆಯ ಅಂಕಗಳೇ ಅವರ ಕಣ್ಣಿಗೆ ಬೀಳುವ ಕೊನೆಯ ಅಂಕಗಳಾಗುತ್ತವೆ. ಗಣಿತದ 79ಕ್ಕೆ ಉತ್ತರ ಸಿಗಬೇಕಾದದ್ದು ಅಲ್ಲಿ, ಮತ್ತು ಹಾರ್ವರ್ಡ್, ಎಂಐಟಿಗಳು ಕಡ್ಡಾಯ ಮಾಡಿರುವ ಪ್ರವೇಶ ಪರೀಕ್ಷೆಯ (ಎಸ್‌ಎಟಿ ಅಥವಾ ಎಸಿಟಿ) ಗಣಿತ ಭಾಗದಲ್ಲಿ. ಅಂಕಗಳನ್ನು ಅಮೆರಿಕದ ನಾಲ್ಕರ ಮಾಪನಕ್ಕೆ (ಜಿಪಿಎ) ನೀವೇ ಪರಿವರ್ತಿಸಬೇಡಿ, ಅಂಕಪಟ್ಟಿಯಲ್ಲಿ ಇದ್ದದ್ದನ್ನು ಇದ್ದಂತೆ ಬರೆಯಿರಿ.

ಕಾಯಿಲೆಯ ವಿಷಯಕ್ಕೆ ಅರ್ಜಿಯ ‘ಹೆಚ್ಚುವರಿ ಮಾಹಿತಿ’ ಭಾಗದಲ್ಲಿ ಮೂರ್ನಾಲ್ಕು ವಾಕ್ಯ ಸಾಕು: ಯಾವ ತಿಂಗಳು ಟೈಫಾಯ್ಡ್ ಬಂತು, ಎಷ್ಟು ದಿನದ ತರಗತಿ ತಪ್ಪಿತು, ಆ ನಂತರದ ಅಂಕಗಳೇನು. ಅನುಕಂಪ ಬೇಡುವ ಧಾಟಿ ಬೇಡವೇ ಬೇಡ. ಇದೇ ಮಾತನ್ನು ಪ್ರಾಚಾರ್ಯರು ಹಾಜರಿ ಪುಸ್ತಕ ನೋಡಿ ತಮ್ಮ ಪತ್ರದಲ್ಲಿ ಬರೆದರೆ ಅದಕ್ಕೆ ತೂಕ ಹೆಚ್ಚು. ನಮ್ಮ ಕಾಲೇಜುಗಳಲ್ಲಿ ಇಂಥ ಪತ್ರ ಬರೆದು ರೂಢಿಯಿಲ್ಲ, ಆದ್ದರಿಂದ ಅಕ್ಟೋಬರಿನಲ್ಲೇ ಹೋಗಿ ವಿನಂತಿಸಿಕೊಳ್ಳಿ. ಮುಖ್ಯ ಪ್ರಬಂಧವನ್ನು ಮಾತ್ರ ಟೈಫಾಯ್ಡಿಗೆ ಖರ್ಚು ಮಾಡಬಾರದು.

ಅದು ಯಾವುದಕ್ಕೆ ಮೀಸಲಾಗಬೇಕೆಂಬುದು ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿದೆ. ನೀವು ಬೇಸರದಿಂದ ಬರೆದ ಆ ಸಾಲನ್ನು ಓದಿ ನನಗೆ ಸಂತೋಷವೂ ನಿಮ್ಮ ಮೇಲೆ ಸ್ವಲ್ಪ ಸಿಟ್ಟೂ ಬಂತು. ತುಂಗಭದ್ರಾ ಎಡದಂಡೆ ನಾಲೆಯ ಕೆಳಭಾಗದ ಹೊಲಗಳಿಗೆ ನೀರು ತಲುಪದಿರುವುದು ನಮ್ಮ ಜಿಲ್ಲೆಯಲ್ಲಿ ಪ್ರತಿ ವರ್ಷದ ಜಗಳ. 2024ರ ಆಗಸ್ಟ್‌ನಲ್ಲಿ ಅಣೆಕಟ್ಟಿನ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಇಡೀ ಅಚ್ಚುಕಟ್ಟು ಪ್ರದೇಶವೇ ಕಂಗಾಲಾಗಿತ್ತು. ಅಂಥ ಕಡೆ ಒಬ್ಬ ಹುಡುಗಿ ವಿತರಣಾ ಕಾಲುವೆಯ ಗೇಜಿನ ಅಳತೆಯನ್ನೂ ತನ್ನ ಹೊಲದ ತೂಬಿಗೆ ನೀರು ಬಂದ ದಿನವನ್ನೂ ಎರಡು ವರ್ಷ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಾಳೆ ಎಂದರೆ, ಯಾರೂ ಹೇಳಿಕೊಡದೆ ಮಾಡಿದ ಆ ಕೆಲಸ ಅವಳ ಅರ್ಜಿಯಲ್ಲೇ ಅತ್ಯಂತ ಗಟ್ಟಿಯಾದ ಭಾಗ. ಆ ಪುಸ್ತಕದ ಪುಟಗಳನ್ನು ಫೋಟೊ ತೆಗೆದು ಜೋಪಾನ ಮಾಡಿ. ಅಂಕಿಗಳನ್ನು ನಕ್ಷೆಯಾಗಿ ಬಿಡಿಸಿ, ಗೇಜು ಎಷ್ಟಕ್ಕೆ ಇಳಿದಾಗ ತಮ್ಮ ತೂಬು ಒಣಗುತ್ತದೆ ಎಂಬುದನ್ನು ಅವಳೇ ಕಂಡುಹಿಡಿಯಲಿ, ಎಲ್ಲಿ ಲೆಕ್ಕ ಹೊಂದಲಿಲ್ಲವೋ ಅದನ್ನೂ ಮುಚ್ಚಿಡದೆ ಬರೆಯಲಿ. ಕನ್ಸಲ್ಟೆಂಟ್ ಮಾರುವ ಸಮಾಜಸೇವೆಯ ಪ್ರಮಾಣಪತ್ರವಾಗಲಿ, ಹಣ ಕೊಟ್ಟು ಅಚ್ಚು ಹಾಕಿಸಿದ ‘ಸಂಶೋಧನಾ ಪ್ರಬಂಧ’ವಾಗಲಿ ಇದರ ಹತ್ತಿರಕ್ಕೂ ಬರುವುದಿಲ್ಲ.

ಪ್ರಶ್ನೆ: ದ್ವಿತೀಯ ಪಿಯುಸಿಯಲ್ಲಿ ಶೇ 81 ಬಂದಿದೆ. ಐಐಟಿಗೆ ನಾನು ಅರ್ಹನಲ್ಲವೇ? (ಗಂಗಾವತಿ)

ಉತ್ತರ: ಸಾಮಾನ್ಯ ವರ್ಗಕ್ಕೆ ಬೇಕಾದದ್ದು ಶೇ 75, ಅದನ್ನು ದಾಟಿದ ಮೇಲೆ ನೋಡುವುದು ಜೆಇಇ ಅಡ್ವಾನ್ಸ್ಡ್ ರ‍್ಯಾಂಕನ್ನು ಮಾತ್ರ.

ಪ್ರಶ್ನೆ: ಹಾಗಾದರೆ ಪಿಯುಸಿ ಅಂಕಕ್ಕೆ ಎಲ್ಲಿಯೂ ಬೆಲೆಯಿಲ್ಲವೇ? (ಸಂಡೂರು)

ಉತ್ತರ: ಇದೆ. ರಾಜ್ಯದ ಇಂಜಿನಿಯರಿಂಗ್ ರ‍್ಯಾಂಕಿನಲ್ಲಿ ದ್ವಿತೀಯ ಪಿಯುಸಿಯ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತದ ಅಂಕಗಳಿಗೆ ಅರ್ಧ ತೂಕ, ಸಿಇಟಿಗೆ ಉಳಿದರ್ಧ. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರವನ್ನು ಕೊನೆಯ ವಾರಕ್ಕೆ ಉಳಿಸಿಕೊಂಡು ಕಚೇರಿಗೆ ಓಡುವವರು ಈ ವರ್ಷವಾದರೂ ಮೊದಲೇ ಮಾಡಿಸಿಕೊಳ್ಳಿ.

ಪ್ರಶ್ನೆ: ಅಂಕ ಕಡಿಮೆಯಾದದ್ದಕ್ಕೆ ಹೆಸರಿಗೆ ಒಂದು ಅಕ್ಷರ ಸೇರಿಸಿಕೊಳ್ಳಲು ಸಂಖ್ಯಾಶಾಸ್ತ್ರಜ್ಞರು ಹೇಳಿದ್ದಾರೆ. (ಕುಷ್ಟಗಿ)

ಉತ್ತರ: ಸೇರಿಸಿದರೆ ಅಂಕ ಹೆಚ್ಚುವುದಿಲ್ಲ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೂ ಆಧಾರ್‌ಗೂ ಹೆಸರು ತಾಳೆಯಾಗದೆ ಅರ್ಜಿಯೇ ಸಿಕ್ಕಿಹಾಕಿಕೊಳ್ಳುತ್ತದೆ.